ಅಮ್ಮ ಕೇಳಿದ ದೀಪದ ಸರ

ಮನೆಯಿಂದ,
ಡಿಸೆಂಬರ್ ೧೧, ಗುರುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಗಾಜಿನ ಕಾರ್ಖಾನೆಯಲ್ಲಿ ಸುಟ್ಟುಕೊಂಡ ಕೈ ವಾಸಿಯಾಯಿತೇ? ಮುಲಾಮು ಹಚ್ಚದೆ ಉದಾಸೀನ ಮಾಡುತ್ತಿರುತ್ತೀಯ, ನಿನ್ನ ಗುಣ ನನಗೆ ಗೊತ್ತಿಲ್ಲವೇ. ಇಲ್ಲಿ ನಾವು ಚೆನ್ನಾಗಿದ್ದೇವೆ ಎಂದು ಬರೆಯಲು ಹೊರಟರೆ ಪೆನ್ನು ಯಾಕೋ ಮುಂದೆ ಹೋಗುತ್ತಿಲ್ಲ.

ನೀನು ರಜೆಗೆ ಬರುವಾಗ ಮನೆ ಮಂಕಾಗಿರಬಾರದೆಂದು ಅಮ್ಮ ಹಟ ಹಿಡಿದಳು. ಭಾನುವಾರ ಅಪ್ಪನ ಕಾಲದ ಬಣ್ಣದ ಬಲ್ಬಿನ ಸರಗಳನ್ನು ಅಟ್ಟದಿಂದ ಇಳಿಸಿ, ನಾಲ್ಕನ್ನೂ ಕಿಟಕಿಗೆ ಕಟ್ಟಿದೆ. ಸಂಜೆ ಸ್ವಿಚ್ ಹಾಕಿ, ಹೇಗೆ ಕಾಣುತ್ತದೆಂದು ನೋಡಲು ಬೀದಿಗಿಳಿದವಳು ಎದುರುಮನೆಯ ದರ್ಜಿಯ ಜೊತೆ ಮಾತಿಗೆ ನಿಂತೆ. ಇದ್ದಕ್ಕಿದ್ದಂತೆ ದೀಪಗಳೆಲ್ಲ ಆರಿದವು. ಫ್ಯೂಸ್ ಹೋಗಿರಬೇಕು ಅಂತ ಅವರು ನಕ್ಕರು, ನಾನೂ ನಕ್ಕೆ. ಆಮೇಲೆ ನೆನಪಾಯಿತು, ಅಮ್ಮನ ಆಮ್ಲಜನಕದ ಯಂತ್ರವೂ ಅದೇ ಲೈನಿನಲ್ಲಿತ್ತು. ಮೆಟ್ಟಿಲು ಹೇಗೆ ಹತ್ತಿದೆನೋ ದೇವರೇ ಬಲ್ಲ. ಅಮ್ಮ ಮಂಚದ ಕಂಬಿ ಹಿಡಿದು ಕೂತಿದ್ದಳು, ತುಟಿ ನೀಲಿಗಟ್ಟಿತ್ತು. ಕರೆಂಟು ಹೋದರೆ ಇರಲೆಂದು ಇಟ್ಟಿದ್ದ ಸಿಲಿಂಡರಿನ ತಿರುಪು ನನ್ನ ಕೈಗೆ ಬಗ್ಗಲೇ ಇಲ್ಲ. ಹಿಂದೆಯೇ ಓಡಿ ಬಂದಿದ್ದ ದರ್ಜಿ ತಿರುಗಿಸಿಕೊಟ್ಟರು. ಉಸಿರು ಹಿಡಿತಕ್ಕೆ ಬಂದಮೇಲೆ ಅಮ್ಮ ಕೇಳಿದ್ದು ಒಂದೇ ಮಾತು: "ಚೆನ್ನಾಗಿ ಕಾಣ್ತಿತ್ತಾ?"

ದೀಪದ ಸಹವಾಸವೇ ಬೇಡ ಅಂದೆ. ಅವಳು ಊಟ ಬಿಟ್ಟಳು. ಕೊನೆಗೆ ಮಂಗಳವಾರ ದರ್ಜಿಯ ಹೆಂಡತಿಯನ್ನು ಅಮ್ಮನ ಬಳಿ ಕೂರಿಸಿ ಎಲೆಕ್ಟ್ರಿಕ್ ಅಂಗಡಿಗೆ ಹೋದೆ. ಅಂಗಡಿಯವರು ಹಳೆಯದನ್ನೂ ಎಲ್‌ಇಡಿಯನ್ನೂ ಮೀಟರಿಗೆ ಹಾಕಿ ತೋರಿಸಿದರು. ಹಳೆಯ ಸರ ಒಂದೊಂದೂ ಇನ್ನೂರು ವ್ಯಾಟ್ ಎಳೆಯುತ್ತದೆ, ಹೊಸದು ಬರೀ ಐದು. ನಮ್ಮ ಮುದಿ ವೈರಿಂಗು ಹೇಗೆ ತಾಳೀತು ಹೇಳು. ಎಲ್‌ಇಡಿಯಲ್ಲೂ ನೂರೆಂಟು ಬಗೆ. ಮಿನುಗುವುದು ಬೇಡ ಎಂದೆ, ಆರಿದಾಗಲೆಲ್ಲ ಎದೆ ಧಸಕ್ಕೆನ್ನುತ್ತದೆ. ಒಂದೇ ಸಮ ಉರಿಯುವ ಹಳದಿ ಸರ ಆರಿಸಿ, ಎಲೆಕ್ಟ್ರಿಷಿಯನ್ನನ್ನು ಕರೆಸಿ ಅಡುಗೆಮನೆಯ ಲೈನಿಗೆ ಹಾಕಿಸಿದೆ. ಅಮ್ಮ ದೀಪ ನೋಡುತ್ತಾ ಕೂರುತ್ತಾಳೆ. ನಾನು ಅವಳ ಉಸಿರು ಎಣಿಸುತ್ತಾ ಕೂರುತ್ತೇನೆ.

ನಿನ್ನ ತಲೆ ಸವರಿದೆ ಅಂತ ಬರಿ ಎಂದಳು ಅಮ್ಮ. ಬರೆದಿದ್ದೇನೆ.

ನಿನ್ನ ತಂಗಿ,
ಗುಬ್ಬಿ

ತಾ.ಕ.: ಇದನ್ನು ಬರೆಯಬೇಡ ಅಂದಿದ್ದಾಳೆ. ಮೊದಲು ದಿನಕ್ಕೆ ಎರಡು ಗಂಟೆ ಯಂತ್ರ ಸಾಕಿತ್ತು, ಈಗ ಸ್ನಾನಕ್ಕೂ ತೆಗೆಯುವಂತಿಲ್ಲ. ನಿನ್ನೆ ಡಾಕ್ಟರು ನನ್ನನ್ನು ಹೊರಗೆ ಕರೆದು, ಬರಬೇಕಾದವರಿಗೆ ಹೇಳಿಬಿಡಿ ಅಂದರು. ರಜೆ ಬರುವವರೆಗೆ ಕಾಯಬೇಡ ಅಕ್ಕಾ, ರಜೆ ಹಾಕಿ ಬಾ.