ಇಲ್ಲದ ಹುಣ್ಣಿಗೆ ಬ್ಯಾಂಡೇಜು

ನ್ಯಾಮತಿ
10-11-2025, ಸೋಮವಾರ

ಚಿ. ರೂಪಶ್ರೀಗೆ ನಿನ್ನ ಅಜ್ಜ ಮಾಡುವ ಆಶೀರ್ವಾದ.

ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಹಿಡಿಸಿದೆಯಲ್ಲ, ಅದಕ್ಕೆ ಮೊದಲು ನಿನಗೆ ಬೈಯಬೇಕು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕಿದ ಕೈ ಇದು, ಕಾಗದ ಬರೆದ ಕೈಯಲ್ಲ. ಫೋನ್ ಮಾಡಿದರೆ "ಡ್ಯೂಟಿ ಐತೆ ಅಜ್ಜ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತೀಯ. ನಿನ್ನ ಆ 'ಆಮೇಲೆ' ಹತ್ತು ದಿನವಾದರೂ ಬಂದಿಲ್ಲ. ಮನೆಯಲ್ಲಿ ಬಾಯಿಬಿಟ್ಟು ಮಾತನಾಡುವ ಹಾಗೂ ಇಲ್ಲ, ನಿನ್ನ ಅವ್ವ ಅನ್ನಪೂರ್ಣ ಬಾಗಿಲಲ್ಲೇ ಕಿವಿಕೊಟ್ಟು ನಿಂತಿರುತ್ತಾಳೆ. ಅಕ್ಷರ ಸೊಟ್ಟಗಿದ್ದರೂ ಓದು.

ಆರೋಗ್ಯವಾಗಿದ್ದೀಯ ತಾನೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯ? ಹಾಸ್ಟೆಲಿನ ಸಾರು ಬರೀ ನೀರು ಎಂದಿದ್ದೆಯಂತೆ, ನಿನ್ನ ಅವ್ವ ಶೇಂಗಾ ಚಟ್ನಿಪುಡಿ ಕುಟ್ಟಿ ಇಟ್ಟಿದ್ದಾಳೆ. ವಾರ್ಡಿನಲ್ಲಿ ನಿಂತು ನಿಂತು ಕಾಲು ಊದುತ್ತವೆ ಅನ್ನುತ್ತಿದ್ದೆ, ಈಗ ಹೇಗಿದೆ? ನನ್ನ ಕಾಲಿನ ಸುದ್ದಿ ಹೇಳಲಿಕ್ಕೇ ಕುಳಿತಿದ್ದೇನೆ.

ದಸರಾ ರಜೆಗೆ ಬಂದಾಗ ಒಂದು ದಪ್ಪ ರೆಕಾರ್ಡ್ ಪುಸ್ತಕ ತಂದಿದ್ದೆ. ಊರಿನಲ್ಲಿ ಒಬ್ಬ ರೋಗಿಯನ್ನು ಐದು ಸಲ ನೋಡಿ, ಆರೈಕೆ ಮಾಡಿ, ಮಾಡಿದ್ದನ್ನು ಬರೆಯಬೇಕು ಎಂದಿದ್ದೆ. ನೀನು ಯಾರ ಮನೆಗೂ ಹೋಗಲಿಲ್ಲ, ಮಲಗಿದ್ದೆ. ಕೂಸು ದಣಿದು ಬಂದಿದೆ, ಎಬ್ಬಿಸಬೇಡಿ ಎಂದವನೂ ನಾನೇ. ಹೊರಡುವ ದಿನ ಬಸ್ಸಿಗೆ ಹೊತ್ತಾಯಿತು ಎನ್ನುತ್ತ ಐದು ಕಡೆ ನನ್ನ ಸಹಿ ಹಾಕಿಸಿಕೊಂಡೆ. ಓದದೆ ಹಾಕಿದ್ದು ನನ್ನ ತಪ್ಪು, ಒಪ್ಪಿಕೊಂಡೆ. ಒಳಗೆ ನೀನು ಬರೆದದ್ದು ನನಗೆ ಗೊತ್ತಾಗಿದ್ದು ನಿಮ್ಮ ದುರ್ಗಾಂಬಿಕಾ ಮೇಡಂ ಮನೆಗೆ ಬಂದಾಗ.

ಅವತ್ತು ಶುಕ್ರವಾರ. ಮೇಡಂ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಮನೆ ಎಲ್ಲಿ ಎಂದು ಫೋನ್ ಮಾಡಿದರು. ನಿನ್ನ ಅವ್ವ ನಿನಗೆ ಮಾಡಿದಳು. ನೀನು ಏನು ಹೇಳಿಕೊಟ್ಟೆಯೋ, ಅವಳು ಹಳೇ ಪಂಚೆ ಹರಿದು ತಂದು ನನ್ನ ಎಡಗಾಲಿಗೆ ಸುತ್ತತೊಡಗಿದಳು. ನನಗೇನಾಗೈತೆ ಎಂದು ಕೇಳಿದರೆ, "ಸುಮ್ನಿರ್ರಿ ಮಾವ, ಹುಣ್ಣು ಮತ್ತೆ ಬಾಯಿ ಬಿಟ್ಟೈತೆ ಅನ್ರಿ, ಹುಣ್ಣಿನ ಕಲೆ ಇಲ್ದ ಕಾಲು ಕಂಡ್ರೆ ಹುಡುಗಿ ವರ್ಷ ಹೋಗ್ತೈತೆ" ಎಂದಳು. ಅಷ್ಟರಲ್ಲಿ ಮೇಡಂ ಕಟ್ಟೆಯ ಮೇಲೆ ಕುಳಿತಾಗಿತ್ತು. ಎದುರುಮನೆ ಸರ್ವಮಂಗಳಮ್ಮ ಸೇರಿ ಓಣಿಯ ನಾಲ್ಕು ಜನ ಹೆಂಗಸರೂ ಬಂದು ಕುಳಿತರು. ಸಕ್ಕರೆ ಕಾಯಿಲೆಯ ಷಣ್ಮುಖಪ್ಪನವರ ಎಡಪಾದದ ಹುಣ್ಣನ್ನು ಮೊಮ್ಮಗಳು ಐದೇ ಸಲ ತೊಳೆದು, ಕಟ್ಟಿ, ವಾಸಿ ಮಾಡಿದಳು ಎಂದು ಮೇಡಂ ಎಲ್ಲರ ಮುಂದೆ ಹೊಗಳಿದರು. ಇಡೀ ಕ್ಲಾಸಿಗೆ ನಿನ್ನ ರೆಕಾರ್ಡೇ ಮಾದರಿಯಂತೆ. ರೋಗಿ ತನ್ನ ಆರೈಕೆ ತಾನೇ ಕಲಿಯುವ ತನಕ ನರ್ಸ್ ಅವನ ಜೊತೆಗಿರಬೇಕು ಎಂಬ ಸಿದ್ಧಾಂತವನ್ನು ಬೇರೆ ಬರೆದಿದ್ದೀಯಂತೆ. ಮಾತು ಚೆನ್ನಾಗಿದೆ. ನನಗೆ ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷವಾಯಿತು, ನೀನು ನರ್ಸಿಂಗ್ ಸೇರಿ ಮೂರು ವರ್ಷ. ನನ್ನ ಪಾದವನ್ನು ಒಂದು ದಿನ ತಿರುಗಿಸಿ ನೋಡಿದ್ದೀಯ?

ಹುಣ್ಣು ಮತ್ತೆ ಬಾಯಿ ಬಿಟ್ಟಿದೆ ಎಂದು ನಿನ್ನ ಅವ್ವ ಹೇಳಿದ್ದಕ್ಕೆ ಮೇಡಂ ಬಟ್ಟೆ ಬಿಚ್ಚಲು ಕೈ ಚಾಚಿದರು. ಯಾರೂ ಮುಟ್ಟಬಾರದು ಎಂದು ಗದರಿಬಿಟ್ಟೆ. ಆ ತಾಯಿ ಕೈ ಹಿಂದಕ್ಕೆ ತೆಗೆದುಕೊಂಡು, "ಬೇಡ ಅಂದ್ರೆ ಮುಟ್ಟಲ್ಲ ಯಜಮಾನ್ರೆ, ರೋಗಿ ಒಪ್ಪಿಗೆ ಇಲ್ದೆ ಮೈ ಮುಟ್ಟಬಾರ್ದು ಅನ್ನೋದೇ ನಾವು ಕಲಿಸೋ ಮೊದಲ್ನೇ ಪಾಠ" ಎಂದರು. ನನ್ನ ಸುಳ್ಳಿಗೆ ಅಷ್ಟು ಮರ್ಯಾದೆ. ಇಪ್ಪತ್ತನೇ ತಾರೀಖು ಹುಡುಗಿಯರನ್ನೂ ಒಬ್ಬ ಡಾಕ್ಟರನ್ನೂ ಕರೆದುಕೊಂಡು ಬರುತ್ತೇನೆ, ಅವರಿಗಾದರೂ ತೋರಿಸಿ ಎಂದು ಹೇಳಿ ಹೋದರು.

ಅಂದಿನಿಂದ ನನಗೆ ಜೈಲು. ಬೆಳಗಾದರೆ ಬಸ್ ಸ್ಟ್ಯಾಂಡಿಗೆ ಹೋಗಿ ಚಹಾ ಕುಡಿದು ನಾಲ್ಕು ಜನರ ಹತ್ತಿರ ಜಗಳ ಆಡಿ ಬರುತ್ತಿದ್ದವನು ಈಗ ಬಚ್ಚಲಿಗೂ ಕುಂಟುತ್ತ ಹೋಗಬೇಕು. ಮೊನ್ನೆ ಮರೆತು ಬಲಗಾಲು ಕುಂಟಿದೆ. ದಿನಾ ಮುಂಜಾನೆ ನಿನ್ನ ಅವ್ವ ಹೊಸ ಬಟ್ಟೆ ಕಟ್ಟುತ್ತಾಳೆ. ಬಂದವರೆಲ್ಲ ಕಾಲು ಹೇಗಿದೆ ಎಂದು ಕೇಳುತ್ತಾರೆ, ನಾನು ನರಳಬೇಕು.

ಇದನ್ನೆಲ್ಲ ನುಂಗಿಕೊಂಡು ಇದ್ದುಬಿಡುತ್ತಿದ್ದೆ. ಸರ್ವಮಂಗಳಮ್ಮನ ಕಾಲು ನೋಡಿದ ಮೇಲೆ ಆಗುತ್ತಿಲ್ಲ. ಅವಳಿಗೂ ಸಕ್ಕರೆ ಕಾಯಿಲೆ. ಚಪ್ಪಲಿ ಕಚ್ಚಿ ಕಾಲಿನ ಹೆಬ್ಬೆರಳಿಗೆ ಗಾಯವಾಗಿ, ಅಳಿಯ ಪ್ರದೀಪನ ಜೊತೆ ಶಿವಮೊಗ್ಗದ ಆಸ್ಪತ್ರೆಗೆ ಹೊರಟಿದ್ದಳು. ಮೇಡಂ ಹೊಗಳಿದ್ದು ಕೇಳಿ ನಿಲ್ಲಿಸಿಬಿಟ್ಟಳು. "ಷಣ್ಮುಖಣ್ಣಂದು ಒಂದ್ಸಲ ಮನೇಲೇ ವಾಸಿ ಆಗಿತ್ತಂತೆ, ಈಗ್ಲೂ ಮನೇಲೇ ಕಟ್ತಾರೆ, ನಂಗ್ಯಾಕೆ ಆಸ್ಪತ್ರೆ" ಅನ್ನುತ್ತ ದಿನಾ ಉಪ್ಪುನೀರಲ್ಲಿ ತೊಳೆದು ಬಟ್ಟೆ ಕಟ್ಟುತ್ತಿದ್ದಾಳೆ. ಬೆರಳು ಕಪ್ಪಾಗುತ್ತಿದೆ. ನಮ್ಮ ಕಟ್ಟೆಗೆ ಬಂದು ಕುಳಿತರೆ ವಾಸನೆ ನನಗೆ ಬಡಿಯುತ್ತದೆ. ಆಸ್ಪತ್ರೆಗೆ ಹೋಗು ಅಂದರೆ, ನೀನ್ ಹೋದ್ಯಾ ಎಂದು ಕೇಳುತ್ತಾಳೆ. ನಿಜ ಹೇಳಿದರೆ ನಿನ್ನ ವರ್ಷ ಹೋಗುತ್ತದೆ, ಹೇಳದಿದ್ದರೆ ಅವಳ ಕಾಲು ಹೋಗುತ್ತದೆ. ಹತ್ತು ದಿನದಿಂದ ಈ ಎರಡರ ನಡುವೆ ಕುಳಿತಿದ್ದೇನೆ.

ಆದ್ದರಿಂದ ನೀನೇ ಮೇಡಂ ಹತ್ತಿರ ಹೋಗು. ನೋಡದ್ದನ್ನು ನೋಡಿದೆ ಎಂದು ಬರೆದೆ ಅಂತ ನಿನ್ನ ಬಾಯಿಂದಲೇ ಹೇಳು. ನಾಳೆ ಕೆಲಸಕ್ಕೆ ಸೇರಿದ ಮೇಲೆ ನೀನು ಬರೆದದ್ದನ್ನೇ ನಂಬಿ ಡಾಕ್ಟರು ಔಷಧಿ ಕೊಡುತ್ತಾರೆ. ಅವತ್ತೂ ಹಾಸಿಗೆ ಮೇಲೆ ಯಾರದೋ ಅಜ್ಜ ಇರುತ್ತಾನೆ. ಬೈದೆನೆಂದು ಅಳುತ್ತ ಊಟ ಬಿಡಬೇಡ.

ಎಲ್ಲರೂ ನಿನ್ನನ್ನು ಕೇಳಿದರು. ಹೊಟ್ಟೆತುಂಬ ಉಂಡು, ಸುಖವಾಗಿರು ಮಗಳೆ.

ಇಂತಿ ನಿನ್ನ ಅಜ್ಜ
ಷಣ್ಮುಖಪ್ಪ

ತಾ.ಕ.: ಕವರಿಗೆ ಅಂಟು ಹಚ್ಚುವಾಗ ಸರ್ವಮಂಗಳಮ್ಮ ಬಂದಳು. ನನ್ನ ಕಾಲಿಗೆ ಹಚ್ಚಿದ ಮುಲಾಮು ಉಳಿದಿದ್ದರೆ ಕೊಡು ಎಂದಳು. ನನ್ನ ಕೈಯಲ್ಲಿ ಆಗಲಿಲ್ಲ ರೂಪಾ. ಬಟ್ಟೆ ಬಿಚ್ಚಿ ಎರಡೂ ಪಾದ ಅವಳ ಮುಂದೆ ಚಾಚಿದೆ. ಎರಡನ್ನೂ ತಿರುಗಿಸಿ ನೋಡಿದಳು. "ಇಷ್ಟ್ ದಿನ ಯಾಕ್ ಸುಮ್ನಿದ್ದೆ ಷಣ್ಮುಖಣ್ಣ" ಎಂದಳು, ಬೈಯಲಿಲ್ಲ. ಈಗ ಪ್ರದೀಪ ಅವಳನ್ನು ಕಾರಿನಲ್ಲಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದ. ಬೆರಳು ಉಳಿಯುತ್ತದೋ ಇಲ್ಲವೋ ತಿಳಿಯದು. ನಿನ್ನ ಅವ್ವ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗುತ್ತದೆ, ಇಪ್ಪತ್ತಕ್ಕೆ ಬಂದರೆ ಮೇಡಂಗೂ. ಅದಕ್ಕೆ ಮುಂಚೆ ನೀನು ಹೇಳಿರಬೇಕು. ಹೇಳಿದೆಯೋ ಇಲ್ಲವೋ ಎಂದು ಹದಿನೇಳನೇ ತಾರೀಖು ಸೋಮವಾರದೊಳಗೆ ನನಗೆ ಉತ್ತರ ಬರಬೇಕು.