ಶ್ರಾವಣದ ಬ್ರಾತ್

೨೦ ಆಗಸ್ಟ್ ೧೯೫೬, ಸೋಮವಾರ
ಪರೇಲ್, ಆಸ್ಪತ್ರೆಯ ಲ್ಯಾಬ್. ಮಳೆ. ವಡಾಲದಿಂದ ಬಸ್ಸಿನಲ್ಲಿ ಬಂದೆ, ಸೀರೆ ಅಂಚು ಒದ್ದೆ.
ವಾರ್ಡಿನ ರೋಗಿಯ ಗಾಯದ ಕೀವಿನಿಂದ ಬೆಳೆಸಿದ ರೋಗಾಣು. ಜುಲೈಯಲ್ಲಿ ಪೆನಿಸಿಲಿನ್ನನ್ನೇ ನಾಶಮಾಡುವ ಎನ್‌ಜೈಮ್ ಧಾರಾಳವಾಗಿ ತಯಾರಿಸುತ್ತಿತ್ತು. ಈ ತಿಂಗಳು ಇಲ್ಲವೆನ್ನುವಷ್ಟು ಕಡಿಮೆ. ಬೆಳವಣಿಗೆ ಮಾತ್ರ ಮೊದಲಿನಷ್ಟೇ.
ಡಾಕ್ಟರ್ ಸಾಹೇಬರಿಗೆ ಹಿಗ್ಗು. "ನೀಲಾವತಿ, ಸೋತಿತು ನೋಡಿ! ಶನಿವಾರದ ಮೀಟಿಂಗಿನಲ್ಲಿ ಹೇಳುತ್ತೇನೆ, ವಾರ್ಡಿನಲ್ಲಿ ಮತ್ತೆ ಪೆನಿಸಿಲಿನ್ ಶುರು."
ನಂಬಲಾರೆ.

೨೧, ಮಂಗಳವಾರ
ರೋಗಾಣು ಬೆಳೆಸುವ ಮಾಂಸದ ಸಾರು, ಬ್ರಾತ್, ಕುದಿಸುವವರು ಸಿದ್ದರಾಮಪ್ಪ. ಏನಾದರೂ ಬದಲಾಗಿದೆಯೇ ಎಂದು ಕೇಳಿದೆ.
"ಶ್ರಾವಣ ಐತಲ್ರಿ ಅಕ್ಕಾರ. ಮಾಂಸ ಮುಟ್ಟಂಗಿಲ್ಲ. ಹಾಲಿನ ಕೇಸೀನ್ ಹಾಕಿ ಕುದಿಸೀನಿ."
"ಸಾಹೇಬರಿಗೆ ಗೊತ್ತೇ?"
"ಕೇಳೇ ಮಾಡೀನ್ರಿ. 'ಕ್ರಿಮಿಗ್ಯಾವ ವ್ರತ? ಕೊಟ್ಟಿದ್ದು ತಿಂತೈತಿ' ಅಂತ ನಕ್ಕರು."
ಸಂಜೆ ನಾನೇ ಮಾಂಸ ತಂದು ಕುದಿಸಿದೆ. ಮೀನು ತಿಂದು ಬೆಳೆದವಳು, ನನಗೇನು. ಸಿದ್ದರಾಮಪ್ಪ ಮೂಗು ಮುಚ್ಚಿ ಬಾಗಿಲಾಚೆಯಿಂದಲೇ— "ಉಪ್ಪು ಮರೀಬ್ಯಾಡ್ರಿ!"

೨೩, ಗುರುವಾರ
ಅದೇ ರೋಗಾಣು, ಅದೇ ಶಾಖ, ಎರಡು ಬ್ರಾತ್. ಎರಡಕ್ಕೂ ಪೆನಿಸಿಲಿನ್ ಬೆರೆಸಿ, ಪೆನಿಸಿಲಿನ್ನಿಗೆ ಸಾಯುವ ಬೇರೊಂದು ರೋಗಾಣುವಿನ ಪ್ಲೇಟಿನ ಮೇಲೆ ಹಾಕಿದ್ದೆ. ಹಾಲಿನದು: ಸ್ವಚ್ಛ ವೃತ್ತ, ಔಷಧ ಉಳಿದಿದೆ. ಮಾಂಸದ್ದು: ವೃತ್ತವೇ ಇಲ್ಲ, ಔಷಧ ನಾಶ.
ಹಾಲಿನ ಫ್ಲಾಸ್ಕಿನ ಒಂದು ಹನಿಯನ್ನು ತಿರುಗಿ ಮಾಂಸದ ಹೊಸ ಬ್ರಾತ್‌ಗೆ ಹಾಕಿದ್ದೇನೆ. ನಾಳೆ ತಿಳಿಯುತ್ತದೆ...

೨೪, ಶುಕ್ರವಾರ
ಎನ್‌ಜೈಮ್ ಮರಳಿದೆ. ರೋಗಾಣು ಸೋತಿಲ್ಲ, ಸುಮ್ಮನಿತ್ತು. ರೋಗಿಯ ಗಾಯದಲ್ಲಿ ಶ್ರಾವಣವಿಲ್ಲ.
ಸಾಹೇಬರು ಪ್ಲೇಟುಗಳನ್ನು ಪಕ್ಕಕ್ಕೆ ಸರಿಸಿದರು. "ನಿಮ್ಮ ಫ್ಲಾಸ್ಕೇ ಕೆಟ್ಟಿರಬೇಕು. ಬಿಟ್ಟುಬಿಡಿ. ನಿಮ್ಮ ನೌಕರಿ ಇನ್ನೂ ಟೆಂಪರರಿ, ನೆನಪಿದೆಯಲ್ಲ?"
ನೆನಪಿದೆ.
ಬಸ್ಸಿನಲ್ಲಿ ರಷ್ಯನ್ ಕಾದಂಬರಿ ಮುಗಿಸಿದೆ. ಬೇಸರ ತರುವ ಎರಡು ಅಧ್ಯಾಯ ಬಿಟ್ಟಿದ್ದೇನೆಂದು ಅನುವಾದಕರು ಮುನ್ನುಡಿಯಲ್ಲೇ ಹೇಳಿದ್ದಾರೆ. ಕೊನೆಗೆ ಒಬ್ಬ ಸಾಯುತ್ತಾನೆ. ಏಕೆಂದು ತಿಳಿಯುವುದಿಲ್ಲ.

೨೫, ಶನಿವಾರ, ಹತ್ತೂವರೆ
ಹನ್ನೊಂದಕ್ಕೆ ಮೀಟಿಂಗ್. ಅಮ್ಮ ಬೆಳಿಗ್ಗೆಯೇ— "ಕೆಲಸ ಕಳಕೊಂಡು ಬರಬೇಡ ಮಾರಾಯ್ತಿ."
ಸಿದ್ದರಾಮಪ್ಪ ಪ್ಲೇಟುಗಳನ್ನು ಒರೆಸಿ ಟ್ರೇಯಲ್ಲಿಟ್ಟರು. "ಹಾಲಿನ ಬ್ರಾತ್ ಮಾಡಿದವ ನಾನ ಅಂತ ಹೇಳ್ರಿ. ನಾ ಹೊರಗ ನಿಂತಿರ್ತೀನಿ. ಕರೀರಿ."
ಸಾಹೇಬರು "ಸೋತಿತು" ಎಂದೊಡನೆ ಏಳುತ್ತೇನೆ. ಮಾತಿಗಿಂತ ಮೊದಲು ಮಾಂಸದ ಪ್ಲೇಟು, ಮೇಜಿನ ನಡುವೆ, ಎಲ್ಲರಿಗೂ ಕಾಣುವಂತೆ. ಆಮೇಲೆ ಬಾಗಿಲ ಕಡೆ ತಿರುಗಿ ಸಿದ್ದರಾಮಪ್ಪನವರನ್ನು ಕರೆಯುತ್ತೇನೆ.