ಮೆಟ್ಟಿಲ ಬಳಿ ಬಿಟ್ಟ ಚಪ್ಪಲಿ

ಡಿ. 3, ಬುಧವಾರ

ಮತ್ತೆ ಕಡಲೆಕಾಯಿ ಬೇಯಿಸಿದೆ. ಪರಿಷೆ ಮುಗಿದರೂ ತಂದ ಚೀಲ ಮುಗಿದಿಲ್ಲ. ಬೀರುವಿನಿಂದ ಮಾವನವರ ಪಂಚೆ ತೆಗೆದು ಒಗೆದು ಹಾಕಿದೆ. ಪಕ್ಕದ ಬೀದಿ ಚರ್ಚಿನಲ್ಲಿ ಮಕ್ಕಳ ಕ್ರಿಸ್‌ಮಸ್ ನಾಟಕ. ಪ್ರತಿ ವರ್ಷ ಏಸುಮಗುವಿಗೆ ಸುತ್ತುವುದು ಈ ಪಂಚೆಯನ್ನೇ.

ಕುಶಾಲ್ ಮೂರು ತಿಂಗಳ ಕೂಸಾಗಿದ್ದಾಗ ಶುರುವಾದದ್ದು. ಆ ವರ್ಷ ಏಸು ಆಗಬೇಕಿದ್ದ ಮಗುವಿಗೆ ಜ್ವರ. ನಾಟಕ ಆಡಿಸುವ ಫಿಲೋಮಿನಾ ಟೀಚರ್ ಓಡಿ ಬಂದು ನನ್ನ ಮಗನನ್ನು ಕೇಳಿದರು. ನಾನು ಹಿಂದೆಮುಂದೆ ನೋಡಿದೆ. ಮಾವ ತಮ್ಮ ಪಂಚೆಯಲ್ಲಿ ಸುತ್ತಿ ಕೊಟ್ಟೇಬಿಟ್ಟರು. "ಕೊಡಮ್ಮ, ಏನಾಗಲ್ಲ. ಕೊರಳಲ್ಲಿ ಲಿಂಗ ಇರೋ ಏಸುನ ಅವರೂ ಒಂದ್ಸಲ ನೋಡ್ಲಿ."

ಅಂದಿನಿಂದ ಒಂದು ವರ್ಷವೂ ತಪ್ಪಿಸಿಲ್ಲ. ನಾಟಕ ಮುಗಿದ ಮೇಲೆ ಎಲ್ಲರೂ ಸ್ಟೇಜ್ ಹತ್ತಿ ಮಗುವನ್ನು ಮುಟ್ಟಿ ಬರುತ್ತಾರೆ. ಶೂ ಹಾಕಿಕೊಂಡೇ. ಮಾವ ಮಾತ್ರ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ಹತ್ತುತ್ತಿದ್ದರು. ಕುಶಾಲನಿಗೂ ಅದನ್ನೇ ಕಲಿಸಿದರು. ಟೀಚರ್‌ಗೆ ತಾತ-ಮೊಮ್ಮಗನನ್ನು ನೋಡಿ ನಗು. ಮಾವ ಹೋಗಿ ನಾಲ್ಕು ವರ್ಷವಾಯಿತು.

ಡಿ. 9

ಪ್ರತಿ ವರ್ಷದ ಹಾಗೆ ಆ ಹಳೇ ಫೋಟೋ ಸ್ಟೇಟಸ್‌ಗೆ ಹಾಕಿದೆ — ಗೋದಲಿಯಲ್ಲಿ, ಅದೇ ಆ ಹುಲ್ಲಿನ ತೊಟ್ಟಿಲಲ್ಲಿ, ಮಲಗಿದ ಕುಶಾಲ್. "ನನ್ನ ಏಸು" ಅಂತ ಬರೆದೆ.

ಸಂಜೆ ಕಾಲೇಜಿನಿಂದ ಬಂದ ಕುಶಾಲ್ ಕೂಗಾಡಿದ. "ತೆಗಿ ಅಮ್ಮ ಅದನ್ನ! ಎಲ್ರೂ ಆಡ್ಕೊಂಡು ನಗ್ತಿದಾರೆ. ಅಭಿನಂದನ್ ಬಾಯಲ್ಲಿ ನಾನೀಗ ಏಸಪ್ಪ."

ಅಭಿನಂದನ್ ಹತ್ತಿರ ನನ್ನ ನಂಬರ್ ಇರೋದು ಮರೆತೇಹೋಗಿತ್ತು. ಈ ವರ್ಷ ಕುಶಾಲನಿಗೆ ಗಂಟುಬಿದ್ದ ಗೆಳೆಯರು ಅಭಿನಂದನ್ ಗುಂಪಿನವರು. ಗಣೇಶನ ಪೆಂಡಾಲ್‌ನಿಂದ ಶುರು, ಈಗ ಮತಾಂತರ, ಧರ್ಮ ಅನ್ನದೆ ಮಾತೇ ಇಲ್ಲ.

ಫೋಟೋ ತೆಗೆದೆ. ತೆಗೆಯುವಾಗ ನಕ್ಕುಬಿಟ್ಟೆ. ಅದಕ್ಕೆ ಅವನಿಗೆ ಇನ್ನೂ ಉರಿಯಿತು.

ಡಿ. 16, ಮಂಗಳವಾರ

ಕುಶಾಲ್ ವಾರದಿಂದ ಮಾತು ಬಿಟ್ಟಿದ್ದ. ಇವತ್ತು ಊಟಕ್ಕೆ ಕೂತಾಗ ಒಂದೇ ಮಾತು. "ಈ ಸಲ ನಾಟಕಕ್ಕೆ ಹೋಗ್ಬೇಡ."

"ಯಾಕೋ?"

"ಹೋಗ್ಬೇಡ ಅಂದ್ನಲ್ಲ."

ನಮ್ಮೆಜಮಾನರು ತಟ್ಟೆಯಿಂದ ತಲೆ ಎತ್ತಲಿಲ್ಲ. ಮೊಂಡುತನ ನನಗೂ ಇದೆ. ಪಂಚೆ ಕೊಟ್ಟು ಬಂದೆ. ಈ ಸಲದ ಏಸು ಟೀಚರ್ ಮೊಮ್ಮಗಳು. ಐದು ತಿಂಗಳು. ನನ್ನ ಬೆರಳು ಹಿಡಿದು ಬಿಡಲೇ ಇಲ್ಲ.

ಡಿ. 20, ಶನಿವಾರ, ಸಂಜೆ 5

ಹೊರಟೆ. ಇವರಿಗೆ ಅಂಗಡಿ ಕೆಲಸವಂತೆ. ಕುಶಾಲ್ ಬೆಳಿಗ್ಗೆಯಿಂದ ನಾಪತ್ತೆ. ಇರಲಿ, ಒಬ್ಬಳೇ…

ಡಿ. 22

ಎರಡು ದಿನ ಪೆನ್ನು ಹಿಡಿಯಲಾಗಲಿಲ್ಲ. ಆದರೂ ಬರೆಯಬೇಕು.

ಶನಿವಾರ ನಾಟಕದಲ್ಲಿ ಕುರಿಮರಿ ವೇಷದ ಮಕ್ಕಳು ಬರುವ ಹೊತ್ತಿಗೆ ನುಗ್ಗಿದರು. ಒಂದಷ್ಟು ಹುಡುಗರು, ಮುಖಕ್ಕೆ ಕರ್ಚೀಫ್. "ಬಂದ್ ಮಾಡ್ರೋ!" ಮೈಕ್ ಕಿತ್ತರು. ಕುರ್ಚಿ ಎಸೆದರು. ದೀಪದ ಗಾಜು ಚೂರುಚೂರು. ಒಬ್ಬ ಎಲ್ಲರಿಗಿಂತ ಮುಂದೆ ಸ್ಟೇಜ್ ಕಡೆ ಓಡಿದ. ಮೆಟ್ಟಿಲ ಬಳಿ ನಿಂತ. ಚಪ್ಪಲಿ ಬಿಟ್ಟ. ಹತ್ತಿದ. ಗೋದಲಿಗೆ ಒದ್ದ.

ಮಗು ಐಸಿಯುನಲ್ಲಿದೆ. ತಲೆಗೆ ಪೆಟ್ಟು.

ಮನೆಗೆ ಬಂದರೆ ಕುಶಾಲ್ ಬಚ್ಚಲಲ್ಲಿ ಕಾಲಿನಿಂದ ಗಾಜು ಕೀಳುತ್ತಿದ್ದ.

ಇವರಿಗೆ ಮಾತ್ರ ಹೇಳಿದ್ದಾನೆ. ರಾತ್ರಿ ಇವರೇ ಅಂದರು, "ಗೋದಲಿ ಖಾಲಿ ಅಂದ್ಕೊಂಡಿದ್ದ ಕಣೇ. ಮುಖ ಕಟ್ಕೊಂಡಿದ್ದ, ಯಾರಿಗೂ ಗೊತ್ತಾಗಿಲ್ಲ. ನೀನು ಬಾಯಿ ಮುಚ್ಕೊಂಡಿರು. ತುಮಕೂರಿಗೆ ಅಕ್ಕನ ಮನೆಗೆ ಕಳಿಸ್ಬಿಡೋಣ."

ಖಾಲಿಯಂತೆ. ಅದರಲ್ಲಿ ಮಗು ಇರುತ್ತೆ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನ ಮೇಲೆ ಅಸಹ್ಯ. ಅವನ ಕಾಲಿಗೆ ಅರಿಶಿನ ಹಚ್ಚಿದವಳೂ ನಾನೇ.

ಡಿ. 23

ಮಗು ಕಣ್ಣು ಬಿಟ್ಟಿಲ್ಲ.

ಡಿ. 24, ಬೆಳಿಗ್ಗೆ

ಟೀಚರ್ ಬಂದಿದ್ದರು. ಕರೆದರೂ ಒಳಗೆ ಬರಲಿಲ್ಲ. ಬಾಗಿಲಲ್ಲೇ ಕೈಚೀಲ ಕೊಟ್ಟರು.

"ನಿಮ್ಮ ಮಾವನವರ ಪಂಚೆ, ಹಂಸಾ. ಒಗ್ದಿದೀನಿ."

"ಮಗು…?"

"ಹಾಗೇ ಇದೆ." ಹೊರಡಲು ತಿರುಗಿ, "ಪೊಲೀಸ್ನೋರು ಕೇಳಿದ್ರು. ಯಾರದ್ದೂ ಗುರುತು ಸಿಗ್ಲಿಲ್ಲ ಅಂದೆ."

ನನ್ನ ಮುಖ ನೋಡದೆ ಹೋದರು. ಪಂಚೆ ಬಿಡಿಸಿದೆ. ಒಳಗೆ ಪೇಪರ್‌ನಲ್ಲಿ ಸುತ್ತಿದ ಕುಶಾಲನ ಚಪ್ಪಲಿ.

ಆ ಮೊದಲ ವರ್ಷ ಅವನನ್ನು ಎದೆಗವಚಿಕೊಂಡು ಸ್ಟೇಜ್ ಹತ್ತಿದವರು ಅವರು. ಅವನನ್ನು ಹಿಡಿದುಕೊಡಲು ಅವರಿಗೆ ಆಗಲಿಲ್ಲ. ಆ ಕೆಲಸ ನನಗೇ ಬಿತ್ತು.

11 ಗಂಟೆ

ಸ್ಟೇಷನ್‌ಗೆ ಹೋಗುತ್ತೇನೆ ಅಂದೆ. ಇವರು ಕೂಗಾಡಿದರು, ಕೈ ಮುಗಿದರು, ಅತ್ತರು. ಈಗ ದೇವರ ಮನೆ ಮುಂದೆ ಕೂತಿದ್ದಾರೆ.

ಕುಶಾಲನಿಗೆ ಅಕ್ಕಿರೊಟ್ಟಿ ಮಾಡಿಕೊಟ್ಟೆ. ತಿಂದ. ಈಗ ಬಾಗಿಲಿಗೆ ಅಡ್ಡ ನಿಂತಿದ್ದಾನೆ, ಬರಿಗಾಲಲ್ಲಿ. "ಎಲ್ಲಿಗಮ್ಮ?" ಅಂದ. ಮೂರು ತಿಂಗಳ ಕೂಸಿನ ಮುಖವೇ, ಮೀಸೆ ಬಂದಿದೆ ಅಷ್ಟೆ.

ಚೀಲದಿಂದ ಚಪ್ಪಲಿ ತೆಗೆದು ಅವನ ಮುಂದೆ ಇಟ್ಟೆ. ಹಾಕ್ಕೋ, ಇಬ್ರೂ ಹೋಗೋಣ ಅಂದೆ. ಬಂದು ಮೇಜಿನ ಹತ್ತಿರ ಕೂತು ಇದನ್ನು ಬರೆಯುತ್ತಿದ್ದೇನೆ. ಅವನು ಚಪ್ಪಲಿಯನ್ನೇ ನೋಡುತ್ತಾ ನಿಂತಿದ್ದಾನೆ. ಇನ್ನೂ ಕಾಲಿಟ್ಟಿಲ್ಲ.